ಆ ಸೈಟು ಎಲ್ಲಿಂದ ಬಂತು? ಅಮೆರಿಕದ ಬಣ್ಣ ಮತ್ತು ಬಡತನದ ಲೆಕ್ಕ

ಪ್ರಶ್ನೆ: ನಾನು ಮೈಸೂರಿನವನು. ಒಂಬತ್ತು ವರ್ಷದಿಂದ ಒಹಾಯೊದಲ್ಲಿ ಸಾಫ್ಟ್‌ವೇರ್ ಕೆಲಸ. ಹೋದ ವಾರ ಆಫೀಸಿನಲ್ಲಿ ಊಟದ ಹೊತ್ತಿಗೆ ಗುಲಾಮಗಿರಿಯ ಮಾತು ಬಂತು. ವೆಸ್ಟ್ ವರ್ಜೀನಿಯಾದ ಬಿಳಿಯ ಸಹೋದ್ಯೋಗಿಯೊಬ್ಬ, "ನಮ್ಮ ತಾತ ಕಲ್ಲಿದ್ದಲು ಗಣಿಯಲ್ಲಿ ದುಡಿದು ಶ್ವಾಸಕೋಶ ಕೆಟ್ಟು ಸತ್ತರು, ನನಗೆ ಎಲ್ಲಿಯ ಸವಲತ್ತು?" ಎಂದ. ಪಕ್ಕದಲ್ಲಿದ್ದ ಕಪ್ಪು ಸಹೋದ್ಯೋಗಿ ಏನೂ ಹೇಳದೆ ತಟ್ಟೆ ಎತ್ತಿಕೊಂಡು ಎದ್ದು ಹೋದರು. ಇಬ್ಬರೂ ನನಗೆ ಬೇಕಾದವರೇ. ಗುಲಾಮಗಿರಿ ಮುಗಿದು 160 ವರ್ಷ ಆಯ್ತು. ನಾನೂ ಎರಡು ಸೂಟ್‌ಕೇಸ್ ಹಿಡಿದು ಬಂದವನೇ. ಅಪ್ಪ ಸೈಟು ಅಡವಿಟ್ಟು ಎಂಎಸ್‌ಗೆ ಕಳಿಸಿದರು, ಕಷ್ಟಪಟ್ಟು ಮೇಲೆ ಬಂದೆ. ನಿಜವಾದ ಸಮಸ್ಯೆ ಬಡತನ ಅಲ್ವಾ? ಪ್ರತಿಯೊಂದಕ್ಕೂ ಬಣ್ಣ ಯಾಕೆ ತರಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನೀವು ಬರೆದು ಹಾಗೇ ದಾಟಿಹೋದ ಒಂದು ಮಾತಿದೆ. ಅಪ್ಪ ಸೈಟು ಅಡವಿಟ್ಟರು ಅನ್ನೋದು. ನನ್ನ ಉತ್ತರವೆಲ್ಲ ಆ ಸೈಟಿನ ಸುತ್ತಲೇ ಇರುತ್ತದೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ನಿಮ್ಮ ಸಹೋದ್ಯೋಗಿಯ ತಾತನ ಕಷ್ಟ ನಿಜ. ಎದ್ದು ಹೋದವರ ಸಂಕಟವೂ ನಿಜ. ಬಡತನವೋ ಬಣ್ಣವೋ, ಒಂದನ್ನು ಆರಿಸಿ ಅಂದರೆ ಉತ್ತರ ಸಿಗುವುದಿಲ್ಲ. ಯಾಕೆಂದರೆ ಅಮೆರಿಕದಲ್ಲಿ ಯಾರ ಕೈಗೆ ಆಸ್ತಿ ಸೇರಬೇಕು, ಯಾರ ಕೈಗೆ ಸೇರಬಾರದು ಅನ್ನೋದನ್ನು ಬಹಳ ಕಾಲ ಬಣ್ಣ ನೋಡಿಯೇ ತೀರ್ಮಾನ ಮಾಡಿದರು. ಕದ್ದುಮುಚ್ಚಿ ಅಲ್ಲ, ಕಾನೂನು ಬರೆದು, ಸೀಲು ಹಾಕಿ.

ಒಂದು ಲೆಕ್ಕದಿಂದ ಶುರು ಮಾಡೋಣ. 2022ರಲ್ಲಿ ಅಮೆರಿಕದ ಬಿಳಿಯ ಕುಟುಂಬಗಳನ್ನೆಲ್ಲ ವರ್ಷದ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ಮಧ್ಯದಲ್ಲಿ ನಿಲ್ಲುವ ಕುಟುಂಬದ ಆದಾಯ ಸುಮಾರು 81 ಸಾವಿರ ಡಾಲರ್. ಕಪ್ಪು ಕುಟುಂಬಗಳ ಸಾಲಿನಲ್ಲಿ ಮಧ್ಯದವರದ್ದು ಸುಮಾರು 53 ಸಾವಿರ. ಅವರಿಗೆ ನೂರು ಬಂದರೆ ಇವರಿಗೆ 65. ದೊಡ್ಡ ಅಂತರವೇ. ಈಗ ಆದಾಯ ಬಿಡಿ, ಆಸ್ತಿ ನೋಡಿ. ಮನೆ, ಉಳಿತಾಯ, ಷೇರು ಎಲ್ಲ ಸೇರಿಸಿ, ಸಾಲ ಕಳೆದು ಕೈಯಲ್ಲಿ ಉಳಿಯುವ ಗಂಟು. ಅದೇ ವರ್ಷ ಅಲ್ಲಿಯ ಕೇಂದ್ರ ಬ್ಯಾಂಕು ಫೆಡರಲ್ ರಿಸರ್ವ್ ಮಾಡಿದ ಸಮೀಕ್ಷೆಯಲ್ಲಿ ಬಿಳಿಯರಲ್ಲಿ ಮಧ್ಯದ ಕುಟುಂಬದ ಗಂಟು 2 ಲಕ್ಷ 85 ಸಾವಿರ ಡಾಲರ್, ಕಪ್ಪು ಜನರಲ್ಲಿ ಸುಮಾರು 45 ಸಾವಿರ. ಇಲ್ಲಿ ನೂರಕ್ಕೆ 16 ಅಷ್ಟೇ.

ಈ 65ಕ್ಕೂ 16ಕ್ಕೂ ನಡುವಿನ ಕಂದಕ ಇದೆಯಲ್ಲ, ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ಸಂಬಳ ಈ ತಿಂಗಳದ್ದು. ಆಸ್ತಿ ತಾತನ ಕಾಲದ್ದು. ಸಂಬಳ ಇವತ್ತಿನ ದುಡಿಮೆ ತೋರಿಸುತ್ತದೆ, ಆಸ್ತಿ ಮೂರು ತಲೆಮಾರಿನ ಕಥೆ ಹೇಳುತ್ತದೆ. ಮಗಳ ಕಾಲೇಜು ಫೀಸು, ಮೊದಲ ಮನೆಯ ಮುಂಗಡ, ಕೆಲಸ ಹೋದಾಗ ಆರು ತಿಂಗಳು ತಡೆದುಕೊಳ್ಳುವ ಶಕ್ತಿ, ಇದೆಲ್ಲ ಬರುವುದು ಗಂಟಿನಿಂದ. ನಿಮ್ಮ ಎಂಎಸ್ ಬಂದದ್ದೂ ಹಾಗೇ ಅಲ್ವಾ?

ಹಾಗಾದರೆ ಆ ಗಂಟು ಯಾಕೆ ಆಗಲಿಲ್ಲ? ಗುಲಾಮಗಿರಿ ಮುಗಿದಾಗ ಅಮೆರಿಕದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ಅವರ ಹಿಂದೆ ಎರಡೂವರೆ ಶತಮಾನದ ಕೂಲಿಯಿಲ್ಲದ ದುಡಿಮೆ ಇತ್ತು. ಪರಿಹಾರ ಸಿಕ್ಕಿತಾ? ಸಿಕ್ಕಿತು, ಆದರೆ ಒಡೆಯರಿಗೆ. 1862ರ ಏಪ್ರಿಲ್‌ನಲ್ಲಿ ರಾಜಧಾನಿ ವಾಷಿಂಗ್ಟನ್‌ನಲ್ಲಿ ಗುಲಾಮರನ್ನು ಬಿಡುಗಡೆ ಮಾಡಿದಾಗ ಸರ್ಕಾರ ಒಬ್ಬ ಗುಲಾಮನಿಗೆ 300 ಡಾಲರ್‌ವರೆಗೆ ಲೆಕ್ಕ ಹಾಕಿ ಒಡೆಯನ ಕೈಗೆ ಕೊಟ್ಟಿತು. ದುಡಿದವನಿಗೆ ಊರು ಬಿಟ್ಟು ಬೇರೆ ದೇಶಕ್ಕೆ ಹೋಗುವುದಾದರೆ 100 ಡಾಲರ್‌ವರೆಗೆ ಕೊಡುತ್ತೇವೆ ಅಂದಿತು. ಬ್ರಿಟನ್ನಿನದು ಇನ್ನೂ ದೊಡ್ಡ ಲೆಕ್ಕ. 1833ರ ಕಾನೂನಿನಲ್ಲಿ 2 ಕೋಟಿ ಪೌಂಡ್ ಒಡೆಯರಿಗೆ ಮೀಸಲಿಟ್ಟರು, ಅದಕ್ಕಾಗಿ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಅಂದರೆ ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುತ್ತಿದ್ದ ಕಪ್ಪು ಜನರೂ, ಅಲ್ಲಿ ಕೆಲಸಕ್ಕೆ ಹೋಗಿದ್ದ ನಮ್ಮ ಕನ್ನಡಿಗರೂ ಆ ಸಾಲ ತೀರಿಸುವುದಕ್ಕೆ ಒಂದಿಷ್ಟು ಕೊಟ್ಟಿದ್ದಾರೆ. 160 ವರ್ಷ ಆಯ್ತು ಅಂತ ಯಾರಾದರೂ ಹೇಳಿದಾಗ ನನಗೆ ಈ 2015 ನೆನಪಾಗುತ್ತದೆ.

ಜಮೀನು ಕೊಡುವ ಮಾತು ಒಮ್ಮೆ ಬಂದಿತ್ತು. 1865ರ ಜನವರಿಯಲ್ಲಿ, ಅಮೆರಿಕದ ಅಂತರ್ಯುದ್ಧ ಇನ್ನೂ ನಡೆಯುತ್ತಿದ್ದಾಗ, ಸರ್ಕಾರದ ಕಡೆಯ ಸೇನಾಪತಿ ಜನರಲ್ ಶರ್ಮನ್ ಒಂದು ಆದೇಶ ಹೊರಡಿಸಿದ. ದಕ್ಷಿಣ ಕೆರೊಲಿನಾದಿಂದ ಫ್ಲಾರಿಡಾವರೆಗಿನ ಕರಾವಳಿ ಪಟ್ಟಿಯಲ್ಲಿ ಬಿಡುಗಡೆಯಾದ ಕುಟುಂಬಕ್ಕೆ 40 ಎಕರೆವರೆಗೆ. ಸುಮಾರು 40 ಸಾವಿರ ಜನ ಹೋಗಿ ನೆಲೆ ನಿಂತರು, ಉತ್ತರು, ಬಿತ್ತಿದರು. ಲಿಂಕನ್ ಹತ್ಯೆಯಾದ ಮೇಲೆ ಬಂದ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಆದೇಶ ತಿರುಗಿಸಿ ಜಮೀನನ್ನು ಹಳೇ ಒಡೆಯರಿಗೇ ವಾಪಸ್ ಕೊಡಿಸಿದ. ಅದೇ ಕಾಲಕ್ಕೆ ಪಶ್ಚಿಮದ ಕಡೆ 1862ರ ಹೋಮ್‌ಸ್ಟೆಡ್ ಕಾನೂನಿನಡಿ ಕುಟುಂಬಕ್ಕೆ 160 ಎಕರೆ ಹಂಚುತ್ತಿದ್ದರು. ಮೂಲನಿವಾಸಿಗಳಿಂದ ಕಿತ್ತುಕೊಂಡ ನೆಲ ಅದು. ಮುಂದಿನ ದಶಕಗಳಲ್ಲಿ ಹೀಗೆ 27 ಕೋಟಿ ಎಕರೆ ಹಂಚಿಕೆಯಾಯಿತು, ಹೆಚ್ಚೂಕಡಿಮೆ ಎಲ್ಲವೂ ಬಿಳಿಯರಿಗೆ.

ಜಮೀನಿಲ್ಲದವರು ಏನು ಮಾಡುತ್ತಾರೆ? ಹಳೇ ಒಡೆಯನ ಹೊಲವನ್ನೇ ಪಾಲಿಗೆ ಮಾಡಿದರು. ಬಿತ್ತನೆ ಬೀಜ, ಜೋಳದ ಹಿಟ್ಟು, ಬಟ್ಟೆ ಎಲ್ಲ ಒಡೆಯನ ಅಂಗಡಿಯಲ್ಲಿ ಸಾಲ. ಹತ್ತಿ ಕಿತ್ತ ಮೇಲೆ ಲೆಕ್ಕ. ಲೆಕ್ಕದ ಪುಸ್ತಕ ಒಡೆಯನ ಕೈಯಲ್ಲೇ. ವರ್ಷದ ಕೊನೆಗೆ ಸಾಲ ಹಾಗೇ ಉಳಿದಿರುತ್ತಿತ್ತು. ಜೀತ ಅಂದರೇನು ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆಲಸ ಬಿಟ್ಟು ಹೊರಟರೆ ಅಲೆಮಾರಿ ಅಂತ ಹಿಡಿದು ಜೈಲಿಗೆ ಹಾಕುವ ಕಾನೂನು ಇತ್ತು, ಜೈಲಿನಿಂದ ಗಣಿಗಳಿಗೆ ಬಾಡಿಗೆಗೆ ಕಳಿಸುತ್ತಿದ್ದರು. ಅಲಬಾಮಾದಲ್ಲಿ ಇದು ನಿಂತದ್ದು 1928ರಲ್ಲಿ. ನಿಮ್ಮ ಸಹೋದ್ಯೋಗಿ ಕಲ್ಲಿದ್ದಲಿನ ಮಾತಾಡಿದರಲ್ಲ, ಆ ಅಲಬಾಮಾದ ಕಲ್ಲಿದ್ದಲು ಗಣಿಗಳಲ್ಲಿ ಹೀಗೆ ಬಾಡಿಗೆಗೆ ಹೋದವರಲ್ಲಿ ಹೆಚ್ಚಿನವರು ಕಪ್ಪು ಕೈದಿಗಳು.

ಇದೆಲ್ಲ ಹಳೇದು ಅನ್ನಬಹುದು. ಸರಿ, ಹತ್ತಿರದ ಕಾಲಕ್ಕೆ ಬರೋಣ.

ನಾನು ಶಿಕಾಗೋದಲ್ಲಿ ಓದುವಾಗ ಒಂದು ವರ್ಷ ವಯಸ್ಸಾದ ಕಪ್ಪು ಹೆಂಗಸೊಬ್ಬರ ಮನೆಯ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದೆ. ನರ್ಸ್ ಕೆಲಸದಿಂದ ನಿವೃತ್ತರಾದವರು. ಚಳಿಗಾಲದ ಒಂದು ಭಾನುವಾರ, ಹೊರಗೆ ಹಿಮ ಬೀಳುತ್ತಿತ್ತು, ನಾನು ಏನು ಓದುತ್ತಿದ್ದೇನೆ ಅಂತ ಕೇಳಿದರು. ಮನೆ ಸಾಲದ ಇತಿಹಾಸ ಅಂದೆ. ಅವರು ಒಳಗೆ ಹೋಗಿ ತಗಡಿನ ಬಿಸ್ಕತ್ ಡಬ್ಬವೊಂದನ್ನು ತಂದು ಅಡುಗೆಮನೆ ಮೇಜಿನ ಮೇಲಿಟ್ಟರು. ಒಳಗೆ ರಸೀದಿ ಕಟ್ಟುಗಳು, ವರ್ಷಕ್ಕೊಂದು ಕಟ್ಟು. ರಬ್ಬರ್ ಬ್ಯಾಂಡು ಒಣಗಿ ಕಾಗದಕ್ಕೇ ಅಂಟಿಕೊಂಡಿತ್ತು, ಬಿಡಿಸಲು ಹೋದರೆ ತುಂಡಾಯಿತು. ಅವರ ತಂದೆ ಮಿಸಿಸಿಪಿಯಿಂದ ಬಂದು ಹಗಲು ಕಸಾಯಿಖಾನೆಯಲ್ಲಿ, ರಾತ್ರಿ ಆಫೀಸುಗಳನ್ನು ಗುಡಿಸಿ ಒರೆಸಿ ನಾರ್ತ್ ಲಾನ್‌ಡೇಲ್ ಎಂಬ ಕಡೆ ಒಂದು ಮನೆ ತೆಗೆದುಕೊಂಡಿದ್ದರು. ಬ್ಯಾಂಕು ಸಾಲ ಕೊಡಲಿಲ್ಲ. ಮಾರುವವನ ಜೊತೆ ಕಂತಿನ ಅಗ್ರಿಮೆಂಟು. ಕೊನೆಯ ಕಂತು ಕಟ್ಟುವವರೆಗೆ ಮನೆ ಮಾರುವವನ ಹೆಸರಿನಲ್ಲೇ. ರಿಪೇರಿ, ತೆರಿಗೆ ಮಾತ್ರ ಕೊಳ್ಳುವವನ ತಲೆಗೆ. ಹನ್ನೊಂದನೇ ವರ್ಷ ತಂದೆ ಕಾಯಿಲೆ ಬಿದ್ದರು, ಎರಡು ಕಂತು ತಪ್ಪಿತು, ಮನೆ ಹೋಯಿತು. ಕಟ್ಟಿದ ದುಡ್ಡಿನಲ್ಲಿ ಒಂದು ಡಾಲರೂ ವಾಪಸ್ ಬರಲಿಲ್ಲ. "ಎಲ್ಲ ಇದೆ ನೋಡು, ಮನೆ ಪತ್ರ ಒಂದಿಲ್ಲ," ಅಂದರು. ಆ ರಸೀದಿಗಳನ್ನು ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ.

ಬ್ಯಾಂಕು ಯಾಕೆ ಕೊಡಲಿಲ್ಲ ಅನ್ನೋದು ಮುಖ್ಯ. 1934ರಲ್ಲಿ ಅಮೆರಿಕ ಸರ್ಕಾರ ಮನೆ ಸಾಲಕ್ಕೆ ವಿಮೆ ಕೊಡುವ ಸಂಸ್ಥೆ ಕಟ್ಟಿತು. ಸಾಲಗಾರ ಕೈ ಎತ್ತಿದರೆ ಸರ್ಕಾರ ತುಂಬಿಕೊಡುತ್ತದೆ, ಹಾಗಾಗಿ ಬ್ಯಾಂಕುಗಳು ಕಡಿಮೆ ಬಡ್ಡಿಗೆ, ಉದ್ದದ ಅವಧಿಗೆ ಸಾಲ ಕೊಡಲು ಶುರು ಮಾಡಿದವು. ಅಮೆರಿಕದ ಮಧ್ಯಮ ವರ್ಗ ಹುಟ್ಟಿದ್ದೇ ಹೀಗೆ ಅಂದರೆ ತಪ್ಪಿಲ್ಲ. ಆದರೆ ಕಪ್ಪು ಜನ ಇರುವ ಬಡಾವಣೆಗೆ ಆ ವಿಮೆ ಇಲ್ಲ. ಅದೇ ದಶಕದಲ್ಲಿ ಇನ್ನೊಂದು ಸರ್ಕಾರಿ ಸಂಸ್ಥೆ 200ಕ್ಕೂ ಹೆಚ್ಚು ಊರುಗಳ ನಕ್ಷೆ ಮಾಡಿಸಿ ಬಡಾವಣೆಗಳಿಗೆ ಬಣ್ಣ ಬಳಿಸಿತ್ತು. ಹಸಿರು ಉತ್ತಮ, ನೀಲಿ ಪರವಾಗಿಲ್ಲ, ಹಳದಿ ಇಳಿಮುಖ, ಕೆಂಪು ಅಪಾಯ. ಕಪ್ಪು ಜನರ ಬಡಾವಣೆ ಬಹುತೇಕ ಕೆಂಪೇ. ಮನೆ ಎಷ್ಟು ಗಟ್ಟಿ, ಮಾಲೀಕನ ಸಂಬಳ ಎಷ್ಟು ಅನ್ನೋದು ಆಮೇಲಿನ ಮಾತು. ಬ್ಯಾಂಕಿನ ಬಾಗಿಲು ಹೀಗೆ ಮುಚ್ಚಿದ್ದರಿಂದಲೇ ಕಂತಿನ ದಂಧೆಯವರು ಬಂದರು. 1950, 60ರ ದಶಕದ ಶಿಕಾಗೋದಲ್ಲಿ ಈ ದಂಧೆಯವರು ತಾವು ಕೊಂಡ ಬೆಲೆಗಿಂತ ಸರಾಸರಿ ಶೇಕಡಾ 84ರಷ್ಟು ಜಾಸ್ತಿಗೆ ಮಾರಿದ್ದರು ಅಂತ 2019ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಒಂದೇ ಊರಿನ ಕಪ್ಪು ಕುಟುಂಬಗಳು ಕಳೆದುಕೊಂಡದ್ದು ಇವತ್ತಿನ ಬೆಲೆಯಲ್ಲಿ 300ರಿಂದ 400 ಕೋಟಿ ಡಾಲರ್.

ಎರಡನೇ ಮಹಾಯುದ್ಧದಿಂದ ವಾಪಸ್ ಬಂದ ಕಪ್ಪು ಸೈನಿಕರಿಗೂ ಇದೇ ಪಾಡು. 1944ರ ಕಾನೂನು ಎಲ್ಲ ಸೈನಿಕರಿಗೂ ಸಾಲದ ಖಾತರಿ ಕೊಟ್ಟಿತ್ತು, ಕಾಗದದ ಮೇಲೆ. 1947ರಲ್ಲಿ ಮಿಸಿಸಿಪಿಯ 13 ಊರುಗಳಲ್ಲಿ ಇಂಥ 3,229 ಸಾಲ ಮಂಜೂರಾದವು. ಕಪ್ಪು ಸೈನಿಕರಿಗೆ ಸಿಕ್ಕಿದ್ದು ಎರಡು. ಮನೆ ಮಾರಾಟದಲ್ಲಿ ಬಣ್ಣ ನೋಡಬಾರದು ಅನ್ನುವ ರಾಷ್ಟ್ರೀಯ ಕಾನೂನು ಬಂದದ್ದು 1968ರಲ್ಲಿ. ಎದ್ದು ಹೋದ ನಿಮ್ಮ ಸಹೋದ್ಯೋಗಿಗೆ 45 ವರ್ಷ ಇದ್ದರೆ ಅವರ ಅಪ್ಪ ಅಮ್ಮನ ಬಾಲ್ಯದ ಮಾತು ಇದು. 160 ವರ್ಷ ಅಲ್ಲ.

ಈಗ ವೆಸ್ಟ್ ವರ್ಜೀನಿಯಾದವರ ವಿಷಯ. ಅವರನ್ನು ದಯವಿಟ್ಟು ತಳ್ಳಿಹಾಕಬೇಡಿ. ಅಲ್ಲಿಯ ಗಣಿ ಊರುಗಳಲ್ಲಿ ಮನೆ ಕಂಪನಿಯದು, ಅಂಗಡಿ ಕಂಪನಿಯದು, ಎಷ್ಟೋ ಕಡೆ ಕೂಲಿ ಕೊಡುತ್ತಿದ್ದದ್ದೂ ಕಂಪನಿಯದೇ ಬಿಲ್ಲೆಯಲ್ಲಿ. ಆ ಅಂಗಡಿ ಬಿಟ್ಟರೆ ಬೇರೆ ಕಡೆ ಅದು ಸರಿಯಾಗಿ ನಡೆಯುತ್ತಿರಲಿಲ್ಲ. ಹತ್ತಿ ಹೊಲದ ಲೆಕ್ಕದ ಪುಸ್ತಕ ನೆನಪಾಯಿತಾ? 1921ರಲ್ಲಿ ಬ್ಲೇರ್ ಬೆಟ್ಟದ ಬಳಿ ಸುಮಾರು 10 ಸಾವಿರ ಗಣಿ ಕಾರ್ಮಿಕರು ಕುತ್ತಿಗೆಗೆ ಕೆಂಪು ಕರವಸ್ತ್ರ ಕಟ್ಟಿಕೊಂಡು ಬಂದೂಕು ಹಿಡಿದು ನಿಂತರು. ಬಿಳಿಯರು, ಕಪ್ಪು ಜನ, ಇಟಲಿಯಿಂದ ಬಂದವರು ಒಟ್ಟಿಗೆ. ಕೊನೆಗೆ ಸೈನ್ಯವೇ ಬರಬೇಕಾಯಿತು. ಇವತ್ತಿಗೂ ತಲೆ ಎಣಿಸಿದರೆ ಅಮೆರಿಕದ ಬಡವರಲ್ಲಿ ಕಪ್ಪು ಜನರಿಗಿಂತ ಬಿಳಿಯರೇ ಜಾಸ್ತಿ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು 2024ರಲ್ಲಿ ಇನ್ನೊಂದು ಮಾತು ತೋರಿಸಿದರು. 1978ರಲ್ಲಿ ಹುಟ್ಟಿದವರನ್ನೂ 1992ರಲ್ಲಿ ಹುಟ್ಟಿದವರನ್ನೂ ಹೋಲಿಸಿದರೆ, ಬಡ ಬಿಳಿಯರ ಮಕ್ಕಳಿಗೂ ಸ್ಥಿತಿವಂತ ಬಿಳಿಯರ ಮಕ್ಕಳಿಗೂ ದೊಡ್ಡವರಾದ ಮೇಲಿನ ಸಂಪಾದನೆಯಲ್ಲಿ ಇರುವ ಅಂತರ ಹಿಗ್ಗಿದೆ, ಬಡವರ ಮಕ್ಕಳಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಇದ್ದ ಅಂತರ ಕುಗ್ಗಿದೆ. ಅಂದರೆ ನಿಮ್ಮ ಸಹೋದ್ಯೋಗಿ ಸುಮ್ನೆ ಗೊಣಗುತ್ತಿಲ್ಲ. ಅವರ ಕಡೆಯವರ ಕಾಲ ಕೆಳಗಿನ ನೆಲ ನಿಜವಾಗಿಯೂ ಕುಸಿದಿದೆ.

ಹಾಗಾದರೆ ಸವಲತ್ತು ಅನ್ನುವ ಮಾತಿಗೆ ಅರ್ಥ ಏನು? ಸುಖ ಅಂತ ಅರ್ಥ ಅಲ್ಲ. ಆ ಪದವನ್ನು ಸುಖ ಅನ್ನುವಂತೆ ಬಳಸಿ ಜನ ಜಗಳ ಹಚ್ಚಿದ್ದಾರೆ, ನನಗೂ ಅದು ಇಷ್ಟವಿಲ್ಲ. ಬಡ ಬಿಳಿಯನಿಗೆ ನೂರು ಕಷ್ಟ ಇರಬಹುದು, ಬಣ್ಣದ ಕಷ್ಟ ಮಾತ್ರ ಆ ನೂರರಲ್ಲಿ ಇಲ್ಲ. ಅಷ್ಟೇ ಅರ್ಥ. ಡೀವಾ ಪೇಜರ್ ಎಂಬ ಸಮಾಜಶಾಸ್ತ್ರಜ್ಞೆ ಮಿಲ್ವಾಕಿಯಲ್ಲಿ ಮಾಡಿ 2003ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಒಂದೇ ಥರದ ವಿದ್ಯೆ, ಒಂದೇ ಥರದ ಮಾತುಗಾರಿಕೆಯ ಯುವಕರನ್ನು ಸಣ್ಣಪುಟ್ಟ ಕೆಲಸಗಳಿಗೆ ಅರ್ಜಿ ಹಾಕಲು ಕಳಿಸಿದರು. ಕೆಲವರ ಅರ್ಜಿಯಲ್ಲಿ ಜೈಲಿಗೆ ಹೋಗಿ ಬಂದ ಮಾಹಿತಿ, ಕೆಲವರದ್ದರಲ್ಲಿ ಇಲ್ಲ. ಜೈಲಿಗೆ ಹೋಗಿ ಬಂದ ಬಿಳಿಯನಿಗೆ ಶೇಕಡಾ 17 ಕಡೆಯಿಂದ ಕರೆ ಬಂತು. ಜೈಲಿನ ಮುಖ ನೋಡದ ಕಪ್ಪು ಯುವಕನಿಗೆ ಶೇಕಡಾ 14. ಇಲ್ಲಿ ಬಡತನ ಒಂದೇ ಆಗಿದ್ದರೆ ಈ ಲೆಕ್ಕ ಹೀಗೆ ಬರುತ್ತಿರಲಿಲ್ಲ. ಇದೇ ಚೆಟ್ಟಿ ಅವರ 2018ರ ಅಧ್ಯಯನದಲ್ಲೂ, ಅಪ್ಪ ಅಮ್ಮನ ಆದಾಯ ಒಂದೇ, ಬೆಳೆದ ಬಡಾವಣೆ ಒಂದೇ, ಆದರೂ ದೊಡ್ಡವರಾದ ಮೇಲೆ ಕಪ್ಪು ಹುಡುಗರ ಸಂಪಾದನೆ ಬಿಳಿ ಹುಡುಗರಿಗಿಂತ ಕಡಿಮೆ, ಹೆಚ್ಚೂಕಡಿಮೆ ಎಲ್ಲ ಬಡಾವಣೆಗಳಲ್ಲೂ. ಹೆಣ್ಣುಮಕ್ಕಳಲ್ಲಿ ಇಂಥ ಅಂತರ ಕಾಣಲಿಲ್ಲ ಅನ್ನೋದೂ ಯೋಚನೆ ಮಾಡಬೇಕಾದ ವಿಷಯ. ಬೀದಿಯಲ್ಲಿ, ಪೊಲೀಸರ ಕಣ್ಣಿನಲ್ಲಿ, ಕೆಲಸದ ಸಂದರ್ಶನದಲ್ಲಿ ಕಪ್ಪು ಗಂಡುಹುಡುಗನನ್ನು ನೋಡುವ ರೀತಿಯೇ ಬೇರೆ ಅಂತ ನನಗೆ ಅನ್ನಿಸುತ್ತದೆ.

ನನಗೆ ಎಲ್ಲಕ್ಕಿಂತ ಬೇಸರ ತರುವ ಸಂಗತಿ ಬೇರೆಯದು. ಕಪ್ಪು ಜನರನ್ನು ಹೊರಗಿಡಲು ಹಾಕಿದ ಬೇಲಿ ಎಷ್ಟೋ ಸಲ ಬಡ ಬಿಳಿಯರನ್ನೂ ಹೊರಗೇ ನಿಲ್ಲಿಸಿತು. ಮತ ಹಾಕಲು ದಕ್ಷಿಣದ ರಾಜ್ಯಗಳು ತಲೆಗಂದಾಯ ಕೇಳಿದವು. ಕಪ್ಪು ಜನರ ಜೊತೆಗೆ ದುಡ್ಡಿಲ್ಲದ ಬಿಳಿಯರೂ ಮತ ಕಳೆದುಕೊಂಡರು. 1935ರ ಪಿಂಚಣಿ ಕಾನೂನಿನಿಂದ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಕೈಬಿಟ್ಟರು. ದುಡಿಯುವ ಕಪ್ಪು ಜನರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೀಗೆ ಹೊರಗುಳಿಯಿತು. ಲಕ್ಷಾಂತರ ಬಿಳಿಯ ಕೂಲಿಗಳೂ ಹೊರಗುಳಿದರು. 1968ರಲ್ಲಿ ಮೆಂಫಿಸ್ ಊರಿನಲ್ಲಿ ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಭಾಗಕ್ಕೆ ಹತ್ತಿದ ಇಬ್ಬರು ಕಪ್ಪು ಪೌರಕಾರ್ಮಿಕರು ಕಸ ಒತ್ತುವ ಯಂತ್ರಕ್ಕೆ ಸಿಕ್ಕಿ ಸತ್ತರು. 1,300 ಜನ ಕೆಲಸ ನಿಲ್ಲಿಸಿದರು. ಕೂಲಿ ಜಾಸ್ತಿ ಮಾಡಿ, ಸಂಘ ಒಪ್ಪಿಕೊಳ್ಳಿ ಅಂತ ಕೇಳಿದರು. ಕೈಯಲ್ಲಿದ್ದ ಫಲಕದಲ್ಲಿ ಬರೆದಿದ್ದದ್ದು "ನಾನು ಮನುಷ್ಯ" ಅಂತ. ಅವರ ಬೆಂಬಲಕ್ಕೆ ಬಂದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅಲ್ಲೇ ಗುಂಡಿಗೆ ಬಲಿಯಾದರು. ಆ ಮುಷ್ಕರ ಬಣ್ಣದ್ದೋ ಬಡತನದ್ದೋ, ನೀವೇ ಹೇಳಿ.

ಇನ್ನು ನಿಮ್ಮ ಎರಡು ಸೂಟ್‌ಕೇಸ್. ನಿಮ್ಮ ಶ್ರಮವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಬಾಗಿಲು ತೆಗೆದವರು ಯಾರು ಅಂತ ಗೊತ್ತಿರಲಿ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ, ಅಮೆರಿಕದ ಸೈನ್ಯದಲ್ಲಿ ಇದ್ದು ಬಂದವರು, ಪೌರತ್ವ ಕೇಳಿದಾಗ ಸುಪ್ರೀಂ ಕೋರ್ಟು ನೀವು ಬಿಳಿಯರಲ್ಲ, ಕೊಡಲಾಗದು ಅಂತು. 1946ರಿಂದ ಭಾರತಕ್ಕೆ ಸಿಕ್ಕಿದ್ದು ವರ್ಷಕ್ಕೆ 100 ಜನರ ಕೋಟಾ. ಈ ಕಟ್ಟು ಒಡೆದದ್ದು 1965ರ ವಲಸೆ ಕಾನೂನು. ಕಪ್ಪು ಜನ ಬೀದಿಯಲ್ಲಿ ಏಟು ತಿಂದು, ಜೈಲಿಗೆ ಹೋಗಿ 1964ರಲ್ಲಿ ನಾಗರಿಕ ಹಕ್ಕುಗಳ ಕಾನೂನು ತಂದರಲ್ಲ, ಅದರ ಬೆನ್ನಿಗೇ ಬಂದದ್ದು ಇದು. ಇವತ್ತು ಅಮೆರಿಕದ ಊರೂರಲ್ಲಿ ಕನ್ನಡ ಕೂಟ ಇದೆ, ರಾಜ್ಯೋತ್ಸವ ನಡೆಯುತ್ತದೆ. ಅದರ ಹಿಂದೆ ಆ ಹೋರಾಟದ ಋಣ ಇದೆ. ಮತ್ತೆ ಆ ಕಾನೂನು ಬಂದವರನ್ನೆಲ್ಲ ಒಳಗೆ ಬಿಡಲಿಲ್ಲ, ನಮ್ಮ ಕಡೆಯಿಂದ ಮೊದಮೊದಲು ಹೆಚ್ಚಾಗಿ ಓದಿದವರನ್ನೇ ಆರಿಸಿ ಬಿಟ್ಟಿತು. ಹಾಗೆ ಆರಿಸಿ ತಂದ ನಮ್ಮನ್ನೂ, ಮುನ್ನೂರು ವರ್ಷದಿಂದ ಅಲ್ಲೇ ಇದ್ದು ಹೊರಗೆ ನಿಂತವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಇವರು ಮೇಲೆ ಬಂದರು, ಅವರು ಯಾಕೆ ಬರಲಿಲ್ಲ ಅಂತ ಕೇಳುವುದು ನ್ಯಾಯವಲ್ಲ.

ನಮ್ಮ ಕಡೆಯವರಿಗೆ ಈ ನಂಟು ಮೊದಲಿನಿಂದ ಗೊತ್ತಿತ್ತು. ಜ್ಯೋತಿಬಾ ಫುಲೆ 1873ರಲ್ಲಿ ಜಾತಿಯ ಬಗ್ಗೆ ಬರೆದ ಪುಸ್ತಕವನ್ನು ಗುಲಾಮಗಿರಿ ತೆಗೆದುಹಾಕಿದ ಅಮೆರಿಕದ ಜನರಿಗೆ ಅರ್ಪಿಸಿದರು. ಅಂಬೇಡ್ಕರ್ 1946ರಲ್ಲಿ ಕಪ್ಪು ಜನರ ನಾಯಕ ಡು ಬಾಯ್ಸ್ ಅವರಿಗೆ ಪತ್ರ ಬರೆದು, ನಿಮ್ಮ ಸ್ಥಿತಿಗೂ ನಮ್ಮ ಅಸ್ಪೃಶ್ಯರ ಸ್ಥಿತಿಗೂ ಬಹಳ ಹೋಲಿಕೆ ಇದೆ ಅಂದರು. ಇನ್ನೂ ಹತ್ತಿರ ಬೇಕೆಂದರೆ ಯಲ್ಲಾಪುರ, ಹಳಿಯಾಳದ ಕಡೆ ಹೋಗಿ. ಅಲ್ಲಿಯ ಸಿದ್ದಿಗಳ ಹಿರಿಯರಲ್ಲಿ ಬಹಳ ಜನ ಆಫ್ರಿಕಾದಿಂದ ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದವರು, ತಪ್ಪಿಸಿಕೊಂಡು ಕಾಡು ಸೇರಿದವರು. ಕನ್ನಡ, ಕೊಂಕಣಿ ಮಾತಾಡುವ ನಮ್ಮದೇ ಜನ. ಪರಿಶಿಷ್ಟ ಪಂಗಡ ಅಂತ ಮಾನ್ಯತೆ ಸಿಕ್ಕಿದ್ದು 2003ರಲ್ಲಿ.

ಮಾಡಬೇಕಾದದ್ದು ಏನು ಅನ್ನೋದರಲ್ಲಿ ಅಲ್ಲಿಯ ಜನರೇ ಒಂದಾಗಿಲ್ಲ. ಎಲ್ಲ ಬಡವರಿಗೂ ಕೊಡಿ, ಬಣ್ಣ ನೋಡಬೇಡಿ ಅನ್ನುವವರಿದ್ದಾರೆ. ಕಿತ್ತುಕೊಂಡದ್ದನ್ನು ವಾಪಸ್ ಕೊಡಿ ಅನ್ನುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಎರಡೂ ಬೇಕು. ಬಡತನ ಇವತ್ತಿನದು, ಅದಕ್ಕೆ ಬಣ್ಣ ಕೇಳಬಾರದು. ಕಿತ್ತುಕೊಂಡ ಆಸ್ತಿಗೆ ವಿಳಾಸ ಇದೆ, ದಾಖಲೆ ಇದೆ, ಅದನ್ನು ಹೆಸರು ಹಿಡಿದೇ ತೀರಿಸಬೇಕು. ಆಗದ ಮಾತೇನಲ್ಲ. ಲಾಸ್ ಏಂಜಲಿಸ್ ಬಳಿ ಸಮುದ್ರದ ದಡದಲ್ಲಿ ವಿಲ್ಲಾ ಮತ್ತು ಚಾರ್ಲ್ಸ್ ಬ್ರೂಸ್ ಎಂಬ ಕಪ್ಪು ದಂಪತಿ 1912ರಲ್ಲಿ ಸೈಟು ಕೊಂಡು ಕಪ್ಪು ಜನರಿಗಾಗಿ ವಿಶ್ರಾಂತಿಧಾಮ ನಡೆಸುತ್ತಿದ್ದರು. 1924ರಲ್ಲಿ ಪಾರ್ಕು ಮಾಡುತ್ತೇವೆ ಅಂತ ಊರಿನ ಆಡಳಿತ ಭೂಸ್ವಾಧೀನಕ್ಕೆ ಕೈ ಹಾಕಿ ಅವರನ್ನು ಎಬ್ಬಿಸಿತು. ಪಾರ್ಕು ಎಷ್ಟೋ ವರ್ಷ ಆಗಲೇ ಇಲ್ಲ. 2022ರಲ್ಲಿ ಲಾಸ್ ಏಂಜಲಿಸ್ ಕೌಂಟಿ ಆ ಜಾಗವನ್ನು ಅವರ ವಂಶದವರಿಗೆ ಬರೆದುಕೊಟ್ಟಿತು, ಮರುವರ್ಷ ಅವರಿಂದಲೇ ಸುಮಾರು 2 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ಒಂದು ಸೈಟು, ನೂರು ವರ್ಷದಲ್ಲಿ ಎಷ್ಟಾಗಿತ್ತು ನೋಡಿ.

ನೀವು ಊಟದ ಮೇಜಿನಲ್ಲಿ ವಾದ ಗೆಲ್ಲಲು ಹೋಗಬೇಡಿ. ಎದ್ದು ಹೋದವರ ಹತ್ತಿರ ಒಬ್ಬರೇ ಇರುವಾಗ ಹೋಗಿ, ಅವತ್ತು ನಾನು ಸುಮ್ಮನೆ ಕೂತಿದ್ದೆ, ತಪ್ಪಾಯಿತು ಅನ್ನಿ. ಅವರು ಕಥೆ ಹೇಳಿದರೆ ಕೇಳಿ, ಹೇಳದಿದ್ದರೆ ಬಲವಂತ ಬೇಡ. ವೆಸ್ಟ್ ವರ್ಜೀನಿಯಾದವರ ಹತ್ತಿರ ಅವರ ತಾತನ ಗಣಿಯ ಬಗ್ಗೆ ಕೇಳಿ, ಸಂಘ ಇತ್ತಾ, ಅದರಲ್ಲಿ ಕಪ್ಪು ಜನ ಇದ್ದರಾ ಅಂತ. ಅದಕ್ಕೂ ಮೊದಲು ಈ ಭಾನುವಾರ ಮೈಸೂರಿಗೆ ಫೋನ್ ಮಾಡಿದಾಗ ತಂದೆಯವರನ್ನು ಆ ಸೈಟು ಹೇಗೆ ಬಂತು ಅಂತ ಕೇಳಿ. ಯಾವ ವರ್ಷ, ಯಾರ ಹೆಸರಿಗೆ, ದುಡ್ಡು ಎಲ್ಲಿಂದ, ಅರ್ಜಿ ಹಾಕಿದವರಲ್ಲಿ ಯಾರಿಗೆ ಸಿಗಲಿಲ್ಲ, ಅಕ್ಕಪಕ್ಕ ಯಾರು ಬರಬಾರದು ಅಂತ ಆ ಬೀದಿಯವರು ಮಾತಾಡಿಕೊಳ್ಳುತ್ತಿದ್ದರು, ಎಲ್ಲ ಕೇಳಿ. ಮುಂದಿನ ಸಲ ಮೂವರೂ ಒಟ್ಟಿಗೆ ಕೂತಾಗ ಮೊದಲು ನಿಮ್ಮ ಸೈಟಿನ ಕಥೆ ಹೇಳಿ.